ಸೂಜಿಗೆ ಸಿಕ್ಕಿದ ಚಿಕ್ಕಮ್ಮನ ದನಿ

ನಮ್ಮ ಚಿಕ್ಕಪ್ಪ ದರ್ಜಿ. ಸೂಜಿ ಇರುವ ಯಾವ ಯಂತ್ರವೇ ಆಗಲಿ, ತಮ್ಮ ಮಾತು ಕೇಳಲೇಬೇಕು ಎಂಬ ಜಂಬ ಅವರಿಗೆ. ಹಾಗಾಗಿ ಪೆಟ್ಟಿಗೆಯಂಥ ಅಗ್ಗದ ರೆಕಾರ್ಡ್ ಪ್ಲೇಯರೊಂದನ್ನು ಹೊತ್ತು ತಂದ ದಿನ, ಜೊತೆಗಿದ್ದ ಸೂಚನೆಯ ಹಾಳೆಯನ್ನು ಓದುವ ಬದಲು ಅದರ ಮೇಲೆ ಯಾರದೋ ತೋಳಿನ ಅಳತೆ ಬರೆದುಕೊಂಡರು.

ತಂದದ್ದು ಒಂದೇ ಒಂದು ರೆಕಾರ್ಡಿಗಾಗಿ. ಚಿಕ್ಕಮ್ಮ ಶಾಲೆಯಲ್ಲಿದ್ದಾಗ ಅವರ ಗಾಯನ ತಂಡದ ಹಾಡನ್ನು ಮುದ್ರಿಸಿದ್ದರಂತೆ. ಹಾಡು ಎಂದರೆ ಮಾರು ದೂರ ಓಡುವ ಚಿಕ್ಕಮ್ಮ ಒಂದು ಕಾಲದಲ್ಲಿ ಹಾಡಿದ್ದರು! ಆ ದನಿಯನ್ನು ಒಮ್ಮೆಯಾದರೂ ಕೇಳಬೇಕು ಎಂದು ಪಾಪ, ಚಿಕ್ಕಪ್ಪ ಮದುವೆಯಾದಾಗಿನಿಂದ ಕಾದಿದ್ದರು.

ರೆಕಾರ್ಡ್ ತಿರುಗಿತು. ಹುಡುಗಿಯರ ಹಾಡು ಬಂತು. ಎರಡನೆಯ ಚರಣಕ್ಕೆ ‘ಕುರುಂ ಕುರುಂ’ ಎಂಬ ಸದ್ದೂ ಬಂತು.

“ಧೂಳು,” ಎಂದರು ಚಿಕ್ಕಪ್ಪ. ಒರೆಸಿದರು. ಕುರುಂ ಕುರುಂ. ಮೇಜು ವಾಲಿದೆ ಎಂದು ಪ್ಲೇಯರಿನ ಒಂದು ಮೂಲೆಯಡಿ ಪ್ಯಾಂಟಿನ ಬಟ್ಟೆ ಮಡಿಸಿಟ್ಟರು. ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಗೆ ಬಿಡಲು ಹೊರಟಾಗ ನಾನೇ ಓಡಿಹೋಗಿ ಕೈ ಹಿಡಿದೆ. ಕೊನೆಗೆ ಅಂಗಡಿಯವನ ಮಾತಿಗೆ ಮರುಳಾಗಿ ಒಳ್ಳೆಯ ಸೂಜಿ, ದಪ್ಪ ರಬ್ಬರಿನ ಹಾಸು, ಬೇರೆ ಸ್ಪೀಕರು ಎಲ್ಲ ಬಂದವು. ಹಾಡು ಎಷ್ಟು ಸ್ವಚ್ಛವಾಯಿತೆಂದರೆ ಹುಡುಗಿಯರು ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಕುರುಂ ಕುರುಂ ಅಂತೂ ಪಕ್ಕದ ಮನೆಗೂ ಕೇಳಿಸಿತು.

ಚಿಕ್ಕಪ್ಪ ತಲೆಯ ಮೇಲೆ ಕೈಹೊತ್ತು ಕೂತರು. “ಈ ದರಿದ್ರ ಸದ್ದು ನಿನ್ನ ದನೀನ ನುಂಗ್ಬಿಟ್ಟಿದೆ ಕಣೇ! ನಾಳೆ ಇನ್ನೂ ದೊಡ್ಡ ಪ್ಲೇಯರ್ ತರ್ತೀನಿ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನ ಮುಖ ಕೆಂಪಾಯಿತು. “ಬೇಡ ರೀ. ಅದು ನಾನೇ.”

“ಯಾವುದು?”

“ಆ ಕುರುಂ ಕುರುಂ. ನನ್ನ ಸ್ವರ ಕೇಳಿ ಟೀಚರ್, ‘ನೀನು ಹಾಡ್ಬೇಡಮ್ಮ, ಸುಮ್ನೆ ಬಾಯಾಡಿಸ್ತಿರು’ ಅಂದ್ರು. ಬಾಯಾಡಿಸೋದು ಅಂದ್ರೆ ಏನಾದ್ರೂ ತಿನ್ನೋದು ತಾನೇ? ಲಂಗದ ಜೇಬಲ್ಲಿ ಹುರಿದ ಕಡಲೆಬೀಜ ಇತ್ತು. ಬರೀ ತುಟಿ ಆಡಿಸ್ಬೇಕಿತ್ತು ಅಂತ ಆಮೇಲೆ ಬೈಸ್ಕೊಂಡಾಗ್ಲೇ ಗೊತ್ತಾಗಿದ್ದು. ಅವತ್ತಿಂದ ನಾನು ಹಾಡೋಕೆ ಬಾಯೇ ತೆಗೆದಿಲ್ಲ.”

ನಾನು ನಕ್ಕು ನಕ್ಕು ಹೊಲಿಯಲು ಬಂದ ಬಟ್ಟೆಗಳ ರಾಶಿಯ ಮೇಲೆ ಬಿದ್ದೆ. ಚಿಕ್ಕಪ್ಪ ನಗಲಿಲ್ಲ. ಸೂಜಿಯನ್ನು ಮೆಲ್ಲಗೆ ಎತ್ತಿ ಎರಡನೆಯ ಚರಣಕ್ಕಿಟ್ಟು, ಸ್ಪೀಕರಿಗೆ ಕಿವಿ ಹಚ್ಚಿದರು.

ಈಗ ಅಳತೆ ಕೊಡಲು ಬಂದ ಗಿರಾಕಿಗಳಿಗೆಲ್ಲ ಆ ಹಾಡು ಕಡ್ಡಾಯ. ಹುಡುಗಿಯರು ಎಷ್ಟೇ ಇಂಪಾಗಿ ಹಾಡಿದರೂ ಚಿಕ್ಕಪ್ಪ ತಲೆಯೆತ್ತದೆ ಟೇಪು ಹಿಡಿದಿರುತ್ತಾರೆ. ಎರಡನೆಯ ಚರಣ ಶುರುವಾದರೆ ಮಾತ್ರ ಕೈಯೆತ್ತಿ, “ಸ್ವಲ್ಪ ಸುಮ್ನಿರಿ, ಈಗ ನಮ್ಮ ಮನೆಯವಳು,” ಎನ್ನುತ್ತಾರೆ.