ದೂರದವರ ಹಾಳೆಗೆ ನಮ್ಮ ಹೆಬ್ಬೆಟ್ಟು

ನಮ್ಮೂರಿನ ರೇಷ್ಮೆ ಕೂಲಿ ಕಾರ್ಮಿಕರ ಸಂಘದ ವಾರ್ಷಿಕ ಸಭೆಯಲ್ಲಿ ಯಾರಾದರೊಬ್ಬರು ಮೈಕ್ ಹಿಡಿದು ಈ ಕಥೆಯನ್ನು ಹೇಳಿಯೇ ಹೇಳುತ್ತಾರೆ. ದೂರದ ಯಾವುದೋ ದೇಶದಲ್ಲಿ ರೇಷ್ಮೆ ಕಾರ್ಖಾನೆಯ ಹೆಂಗಸರನ್ನು ಕೂಡಿಹಾಕಿ ದುಡಿಸುತ್ತಿದ್ದಾರೆ ಎಂದು ಕೇಳಿ ಶಿಡ್ಲಘಟ್ಟದ ಹೆಂಗಸರು ಕಣ್ಣೀರಿಟ್ಟರಂತೆ. ಒಂದೇ ದನಿಯಲ್ಲಿ ಅವರ ಪರ ನಿರ್ಣಯ ಮಾಡಿದರಂತೆ. ಆ ಒಗ್ಗಟ್ಟಿಗೆ ಬೆರಗಾಗಿ ತಾಲ್ಲೂಕು ಕಚೇರಿಯವರು ನಮ್ಮವರ ರೇಷನ್ ತೊಂದರೆಯನ್ನೂ ಬಗೆಹರಿಸಿಬಿಟ್ಟರಂತೆ. ಚಪ್ಪಾಳೆ.

ನಾನು ಅಲ್ಲೇ ಇದ್ದೆ. ಯಾರೂ ಅಳಲಿಲ್ಲ. ಟೀ ಯಾಕೆ ಇನ್ನೂ ಬರಲಿಲ್ಲ ಎಂದು ಇಬ್ಬರು ಕೇಳಿದರು. ಒಂದೇ ದನಿಯಂತೂ ಖಂಡಿತ ಇರಲಿಲ್ಲ, ಯಾಕೆಂದರೆ ವಿರೋಧದ ದನಿಗಳಲ್ಲಿ ಒಂದು ನನ್ನದೇ. ನಡೆದದ್ದು ಈ ಕಥೆಗಿಂತ ಸಣ್ಣದು, ಆದರೆ ಈ ಕಥೆಗಿಂತ ಒಳ್ಳೆಯದು ಎಂದು ನನ್ನ ವಾದ.

ಆ ಸಭೆ ನಡೆದದ್ದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಹೈಸ್ಕೂಲ್ ಮೇಷ್ಟರಾಗಿ ನಿವೃತ್ತರಾದ ಅಪ್ಪ ಅದನ್ನು ಸಂಘಕ್ಕೆ ಬಿಟ್ಟುಕೊಟ್ಟಿದ್ದರು. ನಾನಾಗ ಕಾನೂನು ಓದುತ್ತಿದ್ದೆ. ಅದಕ್ಕೂ ಮುಂಚೆ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಮಾತಾಡಿ, ಯಾರು ಏನೇ ಹೇಳಿದರೂ ಅದಕ್ಕೆ ಪುರಾವೆ ಏನು ಎಂದು ಕೇಳುವ ಚಟ ಅಂಟಿಕೊಂಡಿತ್ತು. ನನ್ನ ಅಕ್ಷರ ಓದುವಂತಿದೆ ಎಂಬ ಒಂದೇ ಕಾರಣಕ್ಕೆ ಸಂಘದ ಅರ್ಜಿಗಳನ್ನೆಲ್ಲ ನನ್ನಿಂದಲೇ ಬರೆಸುತ್ತಿದ್ದರು.

ಸಂಘದ ಅಧ್ಯಕ್ಷೆಯನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ಮೂವತ್ತು ವರ್ಷ ಬಿಸಿನೀರಿನ ಬೇಸಿನ್ ಮುಂದೆ ಕೂತು ರೇಷ್ಮೆಗೂಡಿನಿಂದ ಎಳೆ ತೆಗೆದವರು. ಮನೆಯಲ್ಲಿ ಉರ್ದು, ಕೆಲಸದಲ್ಲಿ ತೆಲುಗು, ಕಚೇರಿಗಳಲ್ಲಿ ಕನ್ನಡ; ಮೂರರಲ್ಲೂ ಜಗಳ ಆಡಬಲ್ಲವರು.

ಆ ತಿಂಗಳು ಸಂಘಕ್ಕೆ ಇದ್ದ ಸಂಕಟವೇ ಬೇರೆ. ದಿಬ್ಬೂರಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಕೆಲಸಕ್ಕೆ ಬರುತ್ತಿದ್ದ ವಯಸ್ಸಾದ ಹೆಂಗಸೊಬ್ಬರಿದ್ದರು, ಎಲ್ಲರ ಬಾಯಲ್ಲೂ ಪೆದ್ದಮ್ಮ, ತೆಲುಗಿನಲ್ಲಿ ದೊಡ್ಡಮ್ಮ. ಎರಡು ತಿಂಗಳಿಂದ ಅವರಿಗೆ ರೇಷನ್ ಅಕ್ಕಿ ಸಿಕ್ಕಿರಲಿಲ್ಲ. ಅಂಗಡಿಯ ಯಂತ್ರ ಅವರ ಬೆರಳಚ್ಚನ್ನು ಒಪ್ಪುತ್ತಿರಲಿಲ್ಲ. ಹೆಬ್ಬೆಟ್ಟು ಆಯಿತು, ಉಳಿದ ಬೆರಳುಗಳೂ ಆದವು. ಕಾರ್ಡಿನಲ್ಲಿ ಇದ್ದದ್ದು ಅವರ ಹೆಸರೊಂದೇ, ಬದಲಿಗೆ ಬೆರಳು ಕೊಡಲು ಇನ್ನೊಬ್ಬರಿಲ್ಲ. ಮೂರನೆಯ ತಿಂಗಳೂ ಎತ್ತದಿದ್ದರೆ ಕಾರ್ಡೇ ರದ್ದಾಗುತ್ತದೆ ಎಂದು ಅಂಗಡಿಯವರು ಹೇಳಿದ್ದರು. ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ, "ಕೈ ಚೆನ್ನಾಗಿ ತೊಳ್ಕೊಂಡು ಒಂಚೂರು ಎಣ್ಣೆ ಹಚ್ಕೊಂಡು ಒತ್ತಮ್ಮ" ಎಂದು ಕಳಿಸಿದ್ದರು. ಪೆದ್ದಮ್ಮ ಅದನ್ನು ನಂಬಿ, ಬೆರಳನ್ನು ತಲೆಗೂದಲಿಗೆ ಉಜ್ಜಿ ಉಜ್ಜಿ ಒತ್ತಿ, ಆದರೂ ಬರದಿದ್ದಾಗ ತನ್ನ ಕೈಯಲ್ಲೇ ಏನೋ ದೋಷ ಎಂದುಕೊಂಡು ಸುಮ್ಮನಾಗಿದ್ದರು.

ಇಂಥ ಹೊತ್ತಿನಲ್ಲಿ ಕಾರ್ಮಿಕರ ದೊಡ್ಡ ಒಕ್ಕೂಟದಿಂದ ಪತ್ರ ಬಂತು. ಆ ದೂರದೇಶದ ರೇಷ್ಮೆ ಕಾರ್ಖಾನೆಗಳಲ್ಲಿ ಹೆಂಗಸರನ್ನು ಗೇಟಿನಾಚೆ ಬಿಡುತ್ತಿಲ್ಲ, ಅವರ ಗುರುತಿನ ಚೀಟಿಗಳನ್ನು ಮಾಲೀಕರೇ ಇಟ್ಟುಕೊಂಡಿದ್ದಾರೆ, ಮನೆಗೆ ಹೋಗುತ್ತೇವೆ ಎಂದವರನ್ನು ಜೈಲಿಗೆ ಹಾಕಿದ್ದಾರೆ. ಎಲ್ಲ ಊರಿನ ಸಂಘಗಳೂ ಖಂಡಿಸಿ ನಿರ್ಣಯ ಮಾಡಿ, ಸದಸ್ಯರ ಸಹಿಯ ಅಸಲು ಹಾಳೆಯನ್ನೇ ಆ ವಾರದೊಳಗೆ ಕಳಿಸಬೇಕು, ಎಲ್ಲವನ್ನೂ ಸೇರಿಸಿ ಆ ದೇಶದ ರಾಯಭಾರ ಕಚೇರಿಗೆ ಕೊಡುತ್ತೇವೆ ಎಂದಿತ್ತು. ಗೌರಿಬಿದನೂರಿನ ಗಾರ್ಮೆಂಟ್ಸ್ ಹೆಂಗಸರು ಆಗಲೇ ಕಳಿಸಿದ್ದರಂತೆ.

ಆಪಾ ಓದಿ ಮುಗಿಸುವಷ್ಟರಲ್ಲಿ, ಚಿಂತಾಮಣಿ ರಸ್ತೆಯ ರೇಷ್ಮೆ ಘಟಕದಲ್ಲಿ ಎಳೆ ತೆಗೆಯುವ ಕೆಲಸ ಮಾಡುವ ಹೆಂಗಸೊಬ್ಬಳು ಎದ್ದಳು.

"ಆ ದೇಶದ ರೇಷ್ಮೆ ಇಲ್ಲಿಗೆ ಬಂದ್ರೆ ತಾನೇ ನಮ್ ಘಟಕಗಳು ಬಾಗಿಲು ಹಾಕೋದು? ಅವ್ರ ಪರ ನಾವ್ ಯಾಕ್ ಮಾತಾಡ್ಬೇಕು ಆಪಾ?"

"ಕಳಿಸೋರು ಅವ್ರಲ್ಲ ಕಣೇ. ಅವ್ರೂ ನಿನ್ ಥರಾನೇ ಬೇಸಿನ್ ಮುಂದೆ ಕೂತಿರೋರು."

"ನಮ್ ಪೆದ್ದಮ್ಮಂಗೇ ಅಕ್ಕಿ ಇಲ್ಲ. ಮೊದ್ಲು ಅದು ನೋಡಣ."

ನನಗೆ ಸುಮ್ಮನಿರಲಾಗಲಿಲ್ಲ. "ಅವ್ರು ಹೇಳೋದ್ರಲ್ಲಿ ನ್ಯಾಯ ಇದೆ ಆಪಾ. ನಾವಿಲ್ಲಿ ನಿರ್ಣಯ ಮಾಡಿದ್ರೆ ಅಲ್ಲಿ ಒಂದು ಬೀಗ ತೆಗೀತಾರೆ ಅನ್ನೋಕೆ ಪುರಾವೆ ಏನು? ಇದ್ರಿಂದ ನಮಗೆ ಕಳ್ಕೊಳ್ಳೋದು ಏನೂ ಇಲ್ಲ. ಏನೂ ಕಳ್ಕೊಳ್ದೆ ತೋರ್ಸೋ ಕರುಣೆಗೆ ಏನು ತೂಕ?"

"ಆಯ್ತಾ ನಿನ್ ಭಾಷಣ? ಬೆಲ್ ಹೊಡೀತು, ಕೂತ್ಕೋ ಬೇಟಿ. ಬರಿ."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಗೋಡೆಗೆ ಒರಗಿ ಕೂತಿದ್ದ ಪೆದ್ದಮ್ಮ, "ಬರಿಯಮ್ಮ ತಲ್ಲೀ. ಕೂಡಾಕಿದಾರೆ ಅಂದ್ರೆ ಪಾಪ ಅವ್ರ ಮನೇಲಿ ಕಾಯ್ತಿರಲ್ವಾ? ನನ್ ಅಕ್ಕಿ ವಿಷ್ಯ ಆಮೇಲ್ ನೋಡಣ" ಎಂದರು. ಪೆನ್ನಿನ ಮುಚ್ಚಳ ತೆಗೆದೆ. ಬರೆದೆ. ಆದರೆ, ನನಗೆ ನಂಬಿಕೆ ಇಲ್ಲದ್ದಕ್ಕೆ ನಾನು ಸಹಿ ಹಾಕುವುದಿಲ್ಲ ಎಂದು ಹೇಳಿಯೇ ಬರೆದೆ.

ಆ ಸಂಘದಲ್ಲಿ ಒಂದು ರೂಢಿ ಇತ್ತು. ಓದು ಬಂದವರಿರಲಿ, ಬರದವರಿರಲಿ, ಎಲ್ಲರೂ ಒತ್ತುವುದು ಹೆಬ್ಬೆಟ್ಟು. ಸಹಿ ಬರುವವರು ಸಹಿ ಹಾಕಿದರೆ ಬರದವರು ಹಿಂದೆ ಸರಿದು ನಿಲ್ಲುತ್ತಾರೆ ಎಂದು ಆಪಾ ಮಾಡಿದ ನಿಯಮ. ಯಾವ ಕಾಲದಲ್ಲಿದ್ದೀರಿ ಎಂದು ನಾನು ಎಷ್ಟೋ ಸಲ ಹಂಗಿಸಿದ್ದೆ. ಆ ದಿನವೂ ಮಸಿಯ ಪ್ಯಾಡ್ ಬಂತು, ಸಾಲು ನಿಂತಿತು. ಆ ಸಾಲಿನ ಉದ್ದ ನೋಡಿ ನಾನು ಪೆನ್ನು ಕೆಳಗಿಟ್ಟೆ.

ಅದಕ್ಕೆ ಕಾರಣ ಹೇಳಬೇಕು. ಆ ಸಭೆಗೆ ಕೆಲವು ತಿಂಗಳ ಮುಂಚೆ, ಘಟಕಗಳಲ್ಲಿ ಹಬೆ ಹೊರಹೋಗಲು ಫ್ಯಾನ್ ಹಾಕಿಸಿ ಎಂದು ಮನವಿ ಬರೆದಿದ್ದೆವು. ಅದಕ್ಕೆ ಬಿದ್ದದ್ದು ಏಳು ಹೆಬ್ಬೆಟ್ಟು. ನಮ್ಮಲ್ಲಿ ಮಾಲೀಕರ ಮನೆ, ಘಟಕ, ಕೆಲಸದವರ ಮನೆ ಎಲ್ಲ ಒಂದೇ ಬೀದಿ. ಯಾರ ಹೆಸರು ಯಾವ ಹಾಳೆಯಲ್ಲಿದೆ ಎಂದು ತಿಳಿಯಲು ಒಂದು ಹೊತ್ತು ಸಾಕು, ಮಾರನೆಯ ದಿನ ಕೆಲಸ ಇಲ್ಲ ಎನ್ನಲು ಒಂದು ಮಾತು ಸಾಕು. ಈ ಹಾಳೆಗೆ ಆ ಭಯವಿಲ್ಲ. ಹೊರದೇಶದ ಕಾರ್ಖಾನೆಗಳನ್ನು ಬೈಯುವ ನಿರ್ಣಯ ಎಂದು ತಿಳಿದು ಮಾಲೀಕರೊಬ್ಬರು ಖುಷಿಯಿಂದ ಎರಡು ಪೊಟ್ಟಣ ಬಿಸ್ಕತ್ತನ್ನೇ ಕಳಿಸಿದ್ದರು! ಯಾವತ್ತೂ ಯಾವುದಕ್ಕೂ ಒತ್ತದವರೆಲ್ಲ ಆ ದಿನ ಬಂದು ಒತ್ತಿದರು. ಎಣಿಸಿದೆ: ನಲವತ್ತೊಂದು.

ಆದರೆ ಒತ್ತಿದ್ದೆಲ್ಲ ಬರೀ ಮಸಿಯ ಬೊಟ್ಟು. ಗೆರೆಯೇ ಇಲ್ಲ. ಪ್ಯಾಡಿಗೆ ಮಸಿ ಜಾಸ್ತಿಯಾಗಿದೆ ಎಂದುಕೊಂಡು ನಾನು ಹಾಳೆ ಬದಲಿಸಿದೆ. ಹಗುರವಾಗಿ ಒತ್ತಿ ಎಂದೆ. ಮತ್ತೆ ಬೊಟ್ಟು. ಇನ್ನೊಂದು ಹಾಳೆ ತಂದೆ. ಕೈ ಒರೆಸಿಕೊಂಡು ನೆಟ್ಟಗೆ ಒತ್ತಿ, ಇದೇನು ಗೋಡೆಗೆ ಸುಣ್ಣ ಬಳಿಯುವುದೇ ಎಂದು ರೇಗಿದೆ.

"ಎಷ್ಟ್ ಸಲ ಒತ್ತುಸ್ತೀಯಮ್ಮ, ಇದ್ದಿದ್ ಹೆಬ್ಬೆಟ್ಟೂ ಸವ್ದೋಯ್ತು!" ಎಂದು ಚಿಂತಾಮಣಿ ರಸ್ತೆಯವಳು ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಕೋಣೆಯೆಲ್ಲ ನಗು. ಆಪಾ ಮಾತ್ರ ನಗಲಿಲ್ಲ. ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು. ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತಮ್ಮ ಹೆಬ್ಬೆಟ್ಟನ್ನು ನೋಡಿಕೊಂಡರು. ಬಿಸಿನೀರಿನಲ್ಲಿ ವರ್ಷಾನುಗಟ್ಟಲೆ ಬೆಂದು ನಯವಾದ, ಹೊಳೆಯುವ ಚರ್ಮ.

"ಪೆದ್ದಮ್ಮ," ಎಂದರು, "ನಿನ್ ಕೈಯಲ್ಲಿ ದೋಷ ಇಲ್ಲ. ನಾಳೆ ನನ್ ಜೊತೆ ಆಫೀಸಿಗೆ ಬಾ. ಬೇಟಿ, ನೀನೂ ಬಾ."

ಮಾರನೆಯ ದಿನ ಆ ಹಾಳೆ, ಪ್ಯಾಡು ಹಿಡಿದು ತಾಲ್ಲೂಕು ಕಚೇರಿಗೆ ಹೊರಟೆವು; ದಾರಿಯುದ್ದಕ್ಕೂ ನಾನು ವಾದಿಸಿದೆ. ಇದು ವಿದೇಶದ ವಿಷಯದ ನಿರ್ಣಯ, ರೇಷನ್ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ, ಮೊದಲ ಸಾಲಿಗೇ ನಗುತ್ತಾರೆ ಎಂದೆ. ನಕ್ಕರು ಕೂಡ. ಆಹಾರ ವಿಭಾಗದ ಅಧಿಕಾರಿ ಎರಡು ಸಾಲು ಓದಿ ಕನ್ನಡಕ ಮೇಲೆತ್ತಿದರು.

"ಏನಮ್ಮ ಇದು? ನಮ್ಮ ಆಫೀಸಿಗೆ ಫಾರಿನ್ ವ್ಯವಹಾರ ತಂದಿದೀರ?"

"ಬರ್ದಿರೋದು ಓದ್ಬೇಡಿ ಸಾರ್. ಕೆಳಗೆ ನೋಡಿ."

ಅವರು ನೋಡಿದರು. "ಮಸಿ ಜಾಸ್ತಿ ಆಗಿದೆ," ಎಂದರು. ನಾನು ಹಿಂದಿನ ದಿನ ಹೇಳಿದ್ದನ್ನೇ!

"ಹಂಗಾದ್ರೆ ಪಕ್ಕದಲ್ಲಿ ನಿಮ್ದೊಂದು ಒತ್ತಿ ಸಾರ್, ಅದೇ ಮಸೀಲಿ."

"ನಾನ್ ಸರ್ಕಾರಿ ನೌಕರ ಕಣಮ್ಮ! ಬೇರೆ ದೇಶದ ವಿಷ್ಯಕ್ಕೆ ಹೆಬ್ಬೆಟ್ಟು ಒತ್ತಿ ಮನೆಗೆ ಹೋಗ್ಲಾ?"

ಆಪಾ ನನ್ನ ಕಡೆ ತಿರುಗಿದರು. ಪ್ಯಾಡನ್ನು ಮುಂದೆ ತಳ್ಳಿದರು. ಸಹಿ ಹಾಕುವುದಿಲ್ಲ ಎಂದು ಇಡೀ ಸಭೆಯ ಮುಂದೆ ಹೇಳಿದ್ದವಳು ನಾನು. ಪಕ್ಕದಲ್ಲಿ ಪೆದ್ದಮ್ಮ ಚೀಲದಿಂದ ಕಾರ್ಡು ತೆಗೆದು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಒತ್ತಿದೆ. ನಲವತ್ತೊಂದು ಬೊಟ್ಟುಗಳ ಕೆಳಗೆ ನನ್ನದೊಂದು ಮಾತ್ರ ಸುರುಳಿ ಸುರುಳಿಯಾಗಿ, ಒಂದೊಂದು ಗೆರೆಯೂ ಎಣಿಸುವಂತೆ ಮೂಡಿತು. ಪೆನ್ನು ಬಿಟ್ಟು ಬೇರೇನನ್ನೂ ಹಿಡಿಯದ ಕೈ. ಅಷ್ಟು ನಾಚಿಕೆ ನನಗೆ ಯಾವ ಸ್ಪರ್ಧೆಯಲ್ಲಿ ಸೋತಾಗಲೂ ಆಗಿರಲಿಲ್ಲ.

ಅಧಿಕಾರಿ ಈ ಸಲ ನಗಲಿಲ್ಲ. ಇಷ್ಟು ದಿನ ಒಬ್ಬೊಬ್ಬರೇ ಬಂದು ಥಂಬ್ ಬರುತ್ತಿಲ್ಲ ಎನ್ನುತ್ತಿದ್ದರು, ಅದು ಅವರವರ ಕೈಯ ತೊಂದರೆ ಎಂದುಕೊಂಡಿದ್ದೆ ಎಂದು ಒಪ್ಪಿಕೊಂಡರು. ಬೆರಳಚ್ಚು ಬಾರದವರಿಗೆ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಡಲು ಅವಕಾಶವಿತ್ತು. ಕೇಳುವವರಿಗೆ ಅದು ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳಿರಲಿಲ್ಲ. ಅಂಗಡಿಯವರಿಗೆ ಕೂತಲ್ಲೇ ಚೀಟಿ ಬರೆದುಕೊಟ್ಟರು. ಆಮೇಲೆ ಹಾಳೆಯ ಮೇಲೆ ಕೈಯಿಟ್ಟು, "ಇದನ್ನ ಬಿಟ್ಟೋಗಿ. ಮಿಕ್ಕಿದ್ ನಲವತ್ ಜನಕ್ಕೂ ಆಗ್ಬೇಕು ಅಂದ್ರೆ ಮೇಲಿನವ್ರಿಗೆ ತೋರಿಸ್ಬೇಕು. ಜೆರಾಕ್ಸಲ್ಲಿ ಎಲ್ಲಾ ಬರೀ ಕಪ್ಪು ಕಾಣುತ್ತೆ, ಅಸಲೇ ಬೇಕು" ಎಂದರು.

ಒಕ್ಕೂಟಕ್ಕೂ ಅಸಲೇ ಬೇಕಿತ್ತು. ಕಳಿಸಲು ಉಳಿದಿದ್ದದ್ದು ಆ ದಿನ ಒಂದೇ. ಅಷ್ಟು ಜನರನ್ನು ಮತ್ತೆ ಸೇರಿಸಲು ಮುಂದಿನ ತಿಂಗಳ ಸಭೆಯೇ ಆಗಬೇಕು. ಆಪಾ ಹಾಳೆಯ ತುದಿ ಹಿಡಿದುಕೊಂಡರು. ಪೆದ್ದಮ್ಮನನ್ನು ನೋಡಿದರು. ಕೈ ಬಿಟ್ಟರು.

ಮೆಟ್ಟಿಲಿಳಿಯುವಾಗ ನಾನು ಬಾಯಿ ತೆರೆದೆ. "ಇವತ್ ವಾದ ಬೇಡ ಬೇಟಿ" ಎಂದರು ಆಪಾ.

ಆ ವಾರ ಪೆದ್ದಮ್ಮ ಅಕ್ಕಿ ಎತ್ತಿದರು. ಕಾರ್ಡು ಉಳಿಯಿತು. ಒಂದು ಚೀಲ ಅವರೆಕಾಯಿ ತಂದು ಅಮ್ಮನ ಮುಂದೆ ಸುರಿದು, ಬೇಡ ಎಂದ ಅಮ್ಮನನ್ನು ತೆಲುಗಿನಲ್ಲಿ ಬೈದು ಹೋದರು. ಉಳಿದವರಲ್ಲಿ ಅನೇಕರಿಗೆ ಒಬ್ಬೊಬ್ಬರಾಗಿ ಚೀಟಿ ಸಿಕ್ಕಿತು. ಕೆಲವರಿಗೆ ಇನ್ನೂ ಓಡಾಟ ತಪ್ಪಿಲ್ಲ.

ನನ್ನ ವಾದ ತಪ್ಪಾಗಿರಲಿಲ್ಲ, ಅದೇ ನನಗೆ ಇವತ್ತಿಗೂ ಬೆರಗು. ಆ ಹಾಳೆಗೆ ಹೆಬ್ಬೆಟ್ಟು ಒತ್ತಿದರೆ ಯಾರೂ ಏನೂ ಕಳೆದುಕೊಳ್ಳುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಒತ್ತಿದರು. ಎಲ್ಲರೂ ಒತ್ತಿದ್ದಕ್ಕೇ, ಒಬ್ಬೊಬ್ಬರೂ ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಕೈ ಇಡೀ ಕಸುಬಿನ ಕೈ ಎಂದು ತಿಳಿಯಿತು. ತಮಗಾಗಿ ಕೇಳಲು ಹೆದರುವವರಿಗೆ ಇನ್ನೊಬ್ಬರಿಗಾಗಿ ಕೇಳುವುದು ಮೊದಲ ಮೆಟ್ಟಿಲಾಗಬಹುದು ಎನ್ನುವುದು ನನ್ನ ಪರ-ವಿರೋಧದ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಅದನ್ನು ತೋರಿಸಿಕೊಟ್ಟ ಆಪಾಗೆ, ನನ್ನ ರೇಗಾಟ ಸಹಿಸಿ ಮೂರು ಮೂರು ಸಲ ಒತ್ತಿದ ಆ ಹೆಂಗಸರಿಗೆ, ತನ್ನ ಅಕ್ಕಿಯನ್ನು ಬದಿಗಿಟ್ಟು ಬರಿ ಎಂದ ಪೆದ್ದಮ್ಮನಿಗೆ ನಾನು ಎಷ್ಟು ಕೃತಜ್ಞಳು ಎಂದು ಇಲ್ಲಿಯವರೆಗೆ ಹೇಳಿಲ್ಲ. ಹೇಳಿದರೆ ಆಪಾ ಮತ್ತೆ ಬೆಲ್ ಹೊಡೆಯುತ್ತಾರೆ. ಮುಖ ಕಾಣದ, ಹೆಸರು ಗೊತ್ತಿಲ್ಲದ ಆ ದೂರದ ಹೆಂಗಸರಿಗೂ ಅಷ್ಟೇ ಕೃತಜ್ಞಳು. ಅವರ ಸಂಕಟ ಬರೆದ ಹಾಳೆಯೇ ನಮ್ಮ ಸಾಕ್ಷಿಯಾಯಿತು.

ಈ ವರ್ಷವೂ ಸಭೆಯಲ್ಲಿ ಕಥೆ ಆಯಿತು, ಚಪ್ಪಾಳೆ ಆಯಿತು. ಜನ ಹೋದ ಮೇಲೆ ಆಪಾ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ನಾನು ಹತ್ತಿರ ಹೋದೆ. ಚೀಟಿ ಸಿಕ್ಕ ಮೇಲೆ, ಆ ಹಾಳೆ ಒಕ್ಕೂಟಕ್ಕೆ ಹೋಗಲೇ ಇಲ್ಲ ಎನ್ನುವುದು ಯಾರಿಗೂ ನೆನಪಾಗಿಲ್ಲ, ತಿಂಗಳ ಸಭೆಗಳಲ್ಲಿ ಆ ಮಾತು ಏಳಲೇ ಇಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

"ಹೊಸ ಹಾಳೆ ಬರ್ದಿಟ್ಟಿದೀನಿ ಆಪಾ. ಅದೇ ನಿರ್ಣಯ. ಮೊದಲನೇ ಹೆಬ್ಬೆಟ್ಟು ನಂದೇ, ಒತ್ತಾಗಿದೆ. ಈ ಸಲ ಒತ್ತಿದ್ರೆ ನಮಗೆ ಏನೂ ಸಿಗಲ್ಲ, ಅದನ್ನೂ ಎಲ್ರಿಗೂ ಹೇಳಿಬಿಡಣ."

ಆಪಾ ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟು, ಅದರ ಮೇಲೆ ಕೂತರು.

"ಹೇಳಿ, ಮೀಟಿಂಗ್ ಯಾವತ್ ಕರೀತೀರ?" ಎಂದೆ.