ಕೇಳಿ ಬರೆಯಲು ಕಲಿಸಿದ ಟೈಪಿಂಗ್ ಟೀಚರು

ನಮ್ಮ ಟೈಪಿಂಗ್ ಟೀಚರ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ಕಂಡದ್ದೇ ಕಡಿಮೆ. ಉದ್ದನೆಯ, ತೆಳ್ಳಗಿನ ಬೆರಳುಗಳು. ಉಗುರನ್ನು ಬುಡದವರೆಗೂ ಕತ್ತರಿಸಿಕೊಳ್ಳುತ್ತಿದ್ದರು. ಹಳೆಯ ಯಂತ್ರಗಳ ಗಟ್ಟಿ ಕೀಲಿಗಳನ್ನು ವರ್ಷಗಟ್ಟಲೆ ಒತ್ತಿ ಒತ್ತಿ ಎರಡೂ ಕಿರುಬೆರಳುಗಳು ಹೊರಕ್ಕೆ ಬಾಗಿದ್ದವು. ಅವರ ಮನೆಯಿದ್ದ ಹೆಮ್ಮಾಡಿಯಿಂದ ಕುಂದಾಪುರಕ್ಕೆ ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ತೊಡೆಯ ಮೇಲಿನ ಬ್ಯಾಗಿನ ಮೇಲೆ, ಸಿಗದಿದ್ದರೆ ಹಿಡಿದ ಕಂಬಿಯ ಮೇಲೆ ಆ ಬೆರಳುಗಳು ಓಡಾಡುತ್ತಿದ್ದವು. ಸುತ್ತಲಿನವರು ಆಡಿದ ಮಾತೆಲ್ಲ ಹಾಗೆಯೇ ಅವರ ಬೆರಳಿಗಿಳಿಯುತ್ತಿತ್ತು. ಒಮ್ಮೆ ಅವರ ಮನೆಗೆ ಹೋಗಿದ್ದವಳು ಜೊತೆಯಲ್ಲೇ ಬರುತ್ತಿದ್ದೆ. ಮುಂದಿನ ಸೀಟಿನ ಇಬ್ಬರು ಹೆಂಗಸರು ಯಾರದೋ ಸೊಸೆಯ ಸುದ್ದಿಯಲ್ಲಿ ಮುಳುಗಿದ್ದಾಗ ನಾನು ಮೆಲ್ಲಗೆ, "ಈಗ ಎಂತ ಟೈಪ್ ಮಾಡಿದ್ರಿ ಟೀಚರ್?" ಎಂದು ಕೇಳಿದೆ.

ಅವರು ಬೆರಳು ಮಡಚಿಕೊಂಡು ನಕ್ಕರು. "ಅದ್ ಅವ್ರ್ ಮಾತ್ ಮಾರಾಯ್ತಿ. ನಂದ್ ಬರೀ ಪ್ರಾಕ್ಟೀಸ್."

ನಾನು ಅವರಲ್ಲಿಗೆ ಹೋದದ್ದು ೧೯೯೭ರಲ್ಲಿ, ಪಿಯುಸಿ ಮುಗಿದ ರಜೆಯಲ್ಲಿ. ಸಾಲಿಗ್ರಾಮದಿಂದ ಬೆಳಗಿನ ಬಸ್ಸು ಹಿಡಿದು ಕುಂದಾಪುರದಲ್ಲಿಳಿದು, ಬಟ್ಟೆ ಅಂಗಡಿಯೊಂದರ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಅವರ ಸಂಸ್ಥೆ. ಒಂದೇ ಕೋಣೆ, ಒಂಬತ್ತು ಯಂತ್ರ. ನಾವು ಕೀಲಿ ನೋಡಬಾರದೆಂದು ಕೈಯ ಮೇಲೆ ಕರವಸ್ತ್ರ ಹೊದೆಸುತ್ತಿದ್ದರು. ಪಾಠದ ನಡುವೆ ಅರ್ಜಿ ಬರೆಸಲು ಜನ ಬರುತ್ತಿದ್ದರು. ಜಾಗದ ತಕರಾರು, ಪಿಂಚಣಿ, ಗಂಡ ಬಿಟ್ಟುಹೋದ ಸಂಗತಿ, ಎಲ್ಲವೂ ಆ ಕೋಣೆಯಲ್ಲೇ. ಟೀಚರು ಅವರನ್ನು ಮೂಲೆಯ ಮೇಜಿಗೆ ಕರೆದೊಯ್ದು, ನಮಗೆಲ್ಲ "ಜೋರಾಗಿ ಹೊಡೀರಿ" ಎಂದು ಹೇಳುತ್ತಿದ್ದರು. ನಮ್ಮ ಒಂಬತ್ತು ಯಂತ್ರಗಳ ಗದ್ದಲದಲ್ಲಿ ಆ ಮೂಲೆಯ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ. ನಮ್ಮ ವೇಗ ಹೆಚ್ಚಲಿ ಎಂದು ಹೇಳುತ್ತಾರೆಂದೇ ನಾನು ಬಹಳ ದಿನ ತಿಳಿದಿದ್ದೆ.

ಅರ್ಜಿ ಮುಗಿದ ಮೇಲೆ ಅವರು ಬಳಸಿದ ಕಾರ್ಬನ್ ಹಾಳೆಯನ್ನು ಕತ್ತರಿಯಿಂದ ಸಣ್ಣ ಸಣ್ಣ ಪಟ್ಟಿ ಮಾಡಿ ನೀರಿನ ಬಕೆಟ್ಟಿಗೆ ಹಾಕುತ್ತಿದ್ದರು. ಒಮ್ಮೆ ಹಾಗೆ ಮಾಡಲು ಮರೆತು ಫೋನಿಗೆಂದು ಎದ್ದು ಹೋದರು. ಹದಿನೆಂಟರ ಕುತೂಹಲ, ನಾನು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಕ್ಷರಗಳು ತಿಳಿಯಾಗಿ ಮೂಡಿದವು. ನಮ್ಮೂರಿನ ಕಡೆಯವರೇ ಒಬ್ಬರು ಬರೆಸಿದ ಅರ್ಜಿ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಟೀಚರು ಹಿಂದೆ ನಿಂತಿದ್ದರು. ಬೈಯಲಿಲ್ಲ. ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಅವ್ರ್ ಹೇಳದ್ದ್ ನಂಗೆ. ನಿಂಗಲ್ಲ" ಎಂದಷ್ಟೇ ಹೇಳಿ ಕತ್ತರಿ ಹುಡುಕತೊಡಗಿದರು. ಆ ವಾರವಿಡೀ ನನಗೆ ಅವರ ಮುಖ ನೋಡಲಾಗಲಿಲ್ಲ. ಅವರು ಮಾತ್ರ ಎಂದಿನಂತೆಯೇ ಇದ್ದರು.

ನಾಲ್ಕೈದು ವರ್ಷಗಳಲ್ಲಿ ಯಂತ್ರಗಳು ಹೋಗಿ ಕಂಪ್ಯೂಟರುಗಳು ಬಂದವು, ಫಲಕದ ಮೇಲೆ 'ಇಂಟರ್‌ನೆಟ್' ಎಂಬ ಪದ ಸೇರಿತು. ಬೇರೆ ಸೈಬರ್‌ಗಳಲ್ಲಿ ಎಲ್ಲರ ಪರದೆಯೂ ಎಲ್ಲರಿಗೆ ಕಾಣುತ್ತಿತ್ತು. ಟೀಚರು ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಕೊಯ್ದು ಒಂದೊಂದು ಕಂಪ್ಯೂಟರಿಗೂ ಅಡ್ಡಗೋಡೆ ಮಾಡಿಸಿದರು. ಗಂಡ ಗಲ್ಫಿನಲ್ಲೋ ಮುಂಬೈಯಲ್ಲೋ ಇರುವ ಹೆಂಗಸರು ಬಂದು ಹೇಳುತ್ತಿದ್ದುದನ್ನು ಟೀಚರೇ ಟೈಪ್ ಮಾಡಿ ಕಳಿಸುತ್ತಿದ್ದರು. ಉತ್ತರ ಬಂದರೆ ತಗ್ಗಿದ ದನಿಯಲ್ಲಿ ಓದಿ ಹೇಳುತ್ತಿದ್ದರು. ಸಂಜೆ ಬಾಗಿಲು ಹಾಕುವ ಮುಂಚೆ ಪ್ರತಿ ಕಂಪ್ಯೂಟರಿನಲ್ಲಿ ಯಾರು ಏನೇನು ನೋಡಿದರೆಂಬ ಪಟ್ಟಿಯನ್ನು ಅಳಿಸುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು 'ಕಾರ್ಬನ್ ಕತ್ತರ್ಸುದ್'.

ಊರಿನ ಗುಟ್ಟೆಲ್ಲ ಅವರಲ್ಲಿದೆ ಎಂಬುದು ಊರಿಗೆ ಗೊತ್ತಿತ್ತು. ಹಾಗಾಗಿ ಕೇಳಲು ಬರುವವರೂ ಇದ್ದರು. ಒಮ್ಮೆ ಬೈಂದೂರು ಕಡೆಯ ಹಿರಿಯರೊಬ್ಬರು, ಇಸ್ತ್ರಿ ಮಾಡಿದ ಬಿಳಿ ಅಂಗಿಯವರು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕುಳಿತರು. ಅಲ್ಲಿಗೆ ಬರುವ ಹುಡುಗಿಯೊಬ್ಬಳನ್ನು ತಮ್ಮ ಅಣ್ಣನ ಮಗನಿಗೆ ನೋಡುತ್ತಿದ್ದರಂತೆ.

"ಹ್ವಾಯ್, ಆ ಹೆಣ್ಣ್ ಇಲ್ಲ್ ಬಂದ್ ಯಾರಿಗ್ ಮೈಲ್ ಮಾಡತ್ತ್ ಅಂದ್ ಒಂಚೂರ್ ಹೇಳ್ತ್ರಿಯಾ?"

"ಅದ್ರ್ ಸ್ಪೀಡ್ ನಿಮಿಷಕ್ಕ್ ನಲ್ವತ್ತೈದ್ ಪದ" ಎಂದರು ಟೀಚರು. "ತಪ್ಪೇ ಇಲ್ಲ."

"ಅದಲ್ದೇ, ಯಾರಿಗ್ ಬರೀತ್ತ್ ಅಂದ್..."

"ನಿಮ್ ಹುಡ್ಗನೂ ಇಲ್ಲಿಗೇ ಬತ್ತಾ. ಅವ್ನ್ ಸಂಗ್ತಿಯೂ ಹೇಳ್ಕಾ?"

ಹಿರಿಯರು ಎದ್ದು ಅಂಗಿ ಸರಿಮಾಡಿಕೊಂಡರು. ಆಮೇಲೆ, ಇಲ್ಲಿ ಕಂಪ್ಯೂಟರ್ ಕಲಿಸಲು ಎಷ್ಟು ತಿಂಗಳು ಬೇಕು ಎಂದು ವಿಚಾರಿಸಿಕೊಂಡು ಇಳಿದು ಹೋದರು. ಆ ಮದುವೆ ನಡೆಯಿತು. ಟೀಚರಿಗೆ ಎರಡೂ ಕಡೆಯಿಂದ ಕರೆಯೋಲೆ ಬಂತು.

ಊರು ಬಿಟ್ಟುಹೋದ ಹಳೆಯ ವಿದ್ಯಾರ್ಥಿನಿಯರು ಟೀಚರಿಗೆ ಮೈಲ್ ಬರೆಯುತ್ತಿದ್ದರು. ಒಬ್ಬೊಬ್ಬರಿಗೂ ಉತ್ತರಿಸಿ ಸಾಕಾಗಿ, ಅವರೊಂದು ಮೈಲ್ ಗುಂಪು ಮಾಡಿದರು. ಒಬ್ಬಳು ಬರೆದರೆ ಎಲ್ಲರಿಗೂ ತಲುಪುವಂಥದ್ದು. ಮುಂಬೈ, ದುಬೈ, ಮಸ್ಕತ್‌ಗಳಲ್ಲಿದ್ದ ಹೆಂಗಸರು ಇಂಗ್ಲಿಷ್ ಅಕ್ಷರಗಳಲ್ಲಿ ಕುಂದಾಪ್ರ ಕನ್ನಡ ಬರೆಯುತ್ತಿದ್ದರು. ತೆಂಗಿನಕಾಯಿ ಅರೆದು ಮಾಡುವ ಮೀನಿನ ಗಸಿ, ಮಕ್ಕಳ ಜ್ವರ, ಅತ್ತೆಯಂದಿರು, ಅಳು, ನಗು ಎಲ್ಲ ಇತ್ತು. ನನ್ನನ್ನೂ ಸೇರಿಸಿಕೊಂಡರು. "ನಮ್ ಸಾಲಿಗ್ರಾಮದ ಹೆಣ್ಣ್. ನಂಗ್ ಬೇಕಾದವ್ಳ್" ಎಂದು ಪರಿಚಯಿಸಿದರು. ಆ ಒಂದು ಮಾತಿನಿಂದ ನನಗೆ ಎಲ್ಲರ ಮನೆಯ ಬಾಗಿಲೂ ತೆರೆಯಿತು.

೨೦೦೬ರ ಹೊತ್ತಿಗೆ ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತ ಸಂಶೋಧನೆಗೆ ಸೇರಿದ್ದೆ. ವಿಷಯ ಹುಡುಕುತ್ತಿದ್ದವಳಿಗೆ ಈ ಗುಂಪೇ ನಿಧಿಯಂತೆ ಕಂಡಿತು. ವಲಸೆ ಹೋದ ಹೆಂಗಸರು ಅಂತರ್ಜಾಲದಲ್ಲಿ ಊರನ್ನು ಹೇಗೆ ಕಟ್ಟಿಕೊಳ್ಳುತ್ತಾರೆ ಎಂಬುದೇ ನನ್ನ ಪ್ರಬಂಧವಾಯಿತು. ಯಾರನ್ನೂ ಕೇಳಲಿಲ್ಲ. ಮಾರ್ಗದರ್ಶಕರು, "ಎಲ್ಲರಿಗೂ ಕಾಣುವ ಜಾಗದಲ್ಲಿ ಬರೆದದ್ದಕ್ಕೆ ಅನುಮತಿ ಯಾಕೆ? ಹೆಸರು ಬದಲಿಸಿ, ಸಾಕು" ಎಂದಿದ್ದರು. ಬದಲಿಸಿದೆ. ಒಂದು ಅಧ್ಯಾಯವನ್ನು ವಿಚಾರ ಸಂಕಿರಣದಲ್ಲಿ ಓದಿದೆ. ಚಪ್ಪಾಳೆ ಬಿತ್ತು. ಸಂಘಟಕರು ಅದನ್ನು ತಮ್ಮ ಜಾಲತಾಣದಲ್ಲಿ ಹಾಕಿದರು. ಉಬ್ಬಿಹೋಗಿ, ಅದರ ಪ್ರತಿಯನ್ನು ಟೀಚರಿಗೆ ಕೊಡಲು ಹೋದೆ.

ಅವರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಆರನೆಯ ಪುಟಕ್ಕೆ ಬಂದಾಗ ಮೇಜಿನ ಮೇಲಿದ್ದ ಅವರ ಎಡಗೈ ಅಲುಗುವುದು ನಿಂತಿತು. ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಆ ಪುಟದಲ್ಲಿ ನಾನು ಇಂಗ್ಲಿಷ್ ಅಕ್ಷರಗಳಲ್ಲೇ ಉದ್ಧರಿಸಿದ್ದ ಒಂದು ಸಾಲನ್ನು ಹುಡುಕುವ ತಾಣದಲ್ಲಿ ಹಾಗೆಯೇ ಟೈಪ್ ಮಾಡಿದರು. ಮೊದಲನೆಯ ಫಲಿತಾಂಶವೇ ಮೂಲ ಪತ್ರ. ಕೆಳಗೆ ಬರೆದವಳ ನಿಜವಾದ ಹೆಸರು, ಗಂಡನ ಹೆಸರು, ಊರು.

ಆ ಸಾಲನ್ನು ಇಲ್ಲಿ ಬರೆಯುವುದಿಲ್ಲ. ಅದರ ತಾತ್ಪರ್ಯ ಇಷ್ಟೆ: ತಾನು ಮುಂಬೈಯಲ್ಲಿ ಆಫೀಸಿನಲ್ಲಿದ್ದೇನೆಂದು ಅತ್ತೆ ನಂಬಿದ್ದಾರೆ, ನಿಜಕ್ಕೂ ತಾನು ಇನ್ನೊಬ್ಬರ ಮನೆಯಲ್ಲಿ ಅಡುಗೆ ಮಾಡುತ್ತೇನೆ. ಆಕೆಯ ಊರು ನಾವುಂದ ಎಂದಿಟ್ಟುಕೊಳ್ಳಿ.

"ಹೆಸ್ರ್ ಬದ್ಲ್ ಮಾಡಿದ್ದೆ ಟೀಚರ್" ಎಂದೆ.

"ಅವ್ಳ್ ಮಾತೇ ಅವ್ಳ್ ಹೆಸ್ರ್ ಹೇಳತ್ತಲೆ."

"ಎಲ್ಲರಿಗೂ ಕಾಂಬಂಗೇ ಇತ್ತಲೆ..."

"ಬಾಗ್ಲ್ ತೆಗ್ದಿತ್ ಅಂದೇಳಿ ಅಡ್ಗಿಮನಿಗ್ ಹೋಯಿ ಪಾತ್ರಿ ಎತ್ಕಂಡ್ ಬತ್ರಾ? ಕೇಂಡಿದ್ಯಾ ಅವ್ಳ್ ಹತ್ರ?"

ಕೇಳಿರಲಿಲ್ಲ. ಬಳಿಕ ಟೀಚರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು. ಗುಂಪಿನ ಪತ್ರಗಳು ಹೊರಗಿನವರಿಗೂ ಕಾಣುತ್ತವೆಂದು, ಆರನೆಯ ಪುಟದಲ್ಲಿ ನಾನು 'ಎಲ್ಲರಿಗೂ ಕಾಣುವ ಗುಂಪು' ಎಂದು ಬರೆದದ್ದನ್ನು ಓದುವವರೆಗೆ, ಅವರಿಗೆ ಗೊತ್ತೇ ಇರಲಿಲ್ಲ. ಗುಂಪು ಮಾಡುವಾಗ ಯಾವುದೋ ಒಂದು ಚೌಕದಲ್ಲಿ ಗುರುತು ಹಾಕಿದ್ದರು, ಅಷ್ಟೆ. "ನಿಂದ್ ತಪ್ಪ್ ಒಂದ್ ಪಾಲ್. ನಂದ್ ಮೂರ್ ಪಾಲ್. ನನ್ನ್ ನಂಬಿ ಬರ್ದವ್ರ್ ಅವ್ರೆಲ್ಲ" ಎಂದರು. ಆ ಸಂಜೆ, ಪತ್ರಗಳು ಸದಸ್ಯರಿಗಷ್ಟೇ ಕಾಣುವಂತೆ ಗುಂಪಿನ ಬಾಗಿಲು ಮುಚ್ಚಿದರು. ಮೊದಲ ಪತ್ರ ಅವರದೇ. ತಾನು ಮಾಡಿದ ತಪ್ಪು ಏನು, ಎಷ್ಟು ಕಾಲ ಆಯಿತು, ಈಗ ಏನು ಸರಿಮಾಡಿದ್ದೇನೆ, ಎಂಟೇ ಸಾಲು. ಎರಡನೆಯ ಪತ್ರ ನನ್ನದು. ಪಕ್ಕದಲ್ಲಿ ಕುಳಿತಿದ್ದರೂ ಒಂದು ಪದವನ್ನೂ ಹೇಳಿಕೊಡಲಿಲ್ಲ. ನನ್ನ ಬೆರಳು ತಡವರಿಸಿ ಬಿದ್ದ ಅಕ್ಷರದೋಷವನ್ನು ಮಾತ್ರ ತೋರಿಸಿದರು.

ಉತ್ತರಗಳು ಬಂದವು. "ನಮ್ಮೊಟ್ಟಿಗ್ ನೆಗಾಡದ್ದೂ ಪರೀಕ್ಷೆಗೇಯಾ?" ಎಂದು ಮಸ್ಕತ್‌ನವಳೊಬ್ಬಳು ಕೇಳಿದಳು. ಇಬ್ಬರು ಗುಂಪು ಬಿಟ್ಟೇಹೋದರು. ಕೆಲವರು ಒಪ್ಪಿದರು. ಒಬ್ಬಳು, "ಅಡ್ಡಿಲ್ಲ, ಹಾಕ್. ಆದ್ರೆ ಬದ್ಲಿ ಹೆಸ್ರ್ ಚೆಂದದ್ದ್ ಇಡ್, ನಂದ್ ಹೆಸ್ರ್ ಮೊದ್ಲಿಂದ್ಲೂ ನಂಗ್ ಕಂಡ್ರಾತಿಲ್ಲ" ಎಂದು ಬರೆದಳು. ನಾವುಂದದವಳು ಮಾತ್ರ ಏನೂ ಬರೆಯಲಿಲ್ಲ. ಸಂಘಟಕರಿಗೆ ಫೋನ್ ಮಾಡಿ ಮಾಡಿ ಪ್ರಬಂಧವನ್ನು ತೆಗೆಸಿದೆ. ಅಷ್ಟರೊಳಗೆ ಯಾರು ಓದಿದರೋ ಎಂಬ ಹೆದರಿಕೆಯಲ್ಲಿ ಎರಡು ತಿಂಗಳು ದಿನಾ ಆ ಸಾಲನ್ನು ಹುಡುಕಿ ನೋಡುತ್ತಿದ್ದೆ.

ಮೇ ತಿಂಗಳ ರಜೆಯಲ್ಲಿ ಆಕೆ ಊರಿಗೆ ಬಂದಳು. ಟೀಚರ ಫೋನು ಬಂತು, "ಬಾ". ಹೋದೆ. ನೀಲಿ ಸೀರೆಯ, ಗಟ್ಟಿ ಮೈಕಟ್ಟಿನ ಹೆಂಗಸು ಫ್ಯಾನಿನಡಿ ಕುಳಿತಿದ್ದಳು. ಟೀಚರು ಇಬ್ಬರನ್ನೂ ಎದುರುಬದುರು ಕೂರಿಸಿ ಚೀಲ ಕೈಗೆತ್ತಿಕೊಂಡರು. "ನೀವಿಬ್ರೂ ಮಾತಾಡಿ. ನಾನ್ ಮೀನ್ ತಕಂಡ್ ಬತ್ತೆ" ಎಂದು ಮೆಟ್ಟಿಲಿಳಿದರು. ಅವರ ಮನೆಯಲ್ಲಿ ಮೀನು ತಿನ್ನುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅದೇ ನೆಪದಲ್ಲಿ ಇಬ್ಬರಿಗೂ ನಗು ಬಂತು, ಮಾತು ಶುರುವಾಯಿತು.

ನಾನು ಕ್ಷಮೆ ಕೇಳಿದೆ. ಬೇರೆ ಮಾತಿನಲ್ಲಿ, ಊರು ಕೆಲಸ ಬದಲಿಸಿ ಬರೆಯಬಹುದೇ ಎಂದು ಕೇಳಿದೆ.

"ಬ್ಯಾಡ" ಎಂದಳು. "ಸಿಟ್ಟಲ್ಲ. ಅತ್ತೆಗ್ ಹೇಳ್ವತಿಗೆ ನಾನೇ ಹೇಳ್ಕ್. ಪುಸ್ತ್ಕ ಹೇಳೂಕಾಗ."

"ಆಯ್ತ್. ತೆಗೀತೆ."

"ನಿಮ್ ಪರೀಕ್ಷೆಗ್ ತೊಂದ್ರೆ ಆತ್ತಾ?"

"ಆತ್ತ್."

ಆಕೆಗೆ ನನ್ನ ಮೇಲೆ ಕನಿಕರ ಬಂದಿರಬೇಕು. "ಹಂಗಾರೆ ನನ್ ಬಂಗ್ಡಿ ಗಸಿ ಮಾಡೂ ಕ್ರಮ ಹಾಕಿ. ಅದ್ಕೆ ಬೇಕಾರೆ ಹೆಸ್ರೂ ಹಾಕಿ" ಎಂದಳು.

ಪ್ರಬಂಧದ ಜೀವವೇ ಆಗಿದ್ದ ಅಧ್ಯಾಯವನ್ನು ತೆಗೆದೆ. ಒಪ್ಪಿದವರ ಮಾತನ್ನು ಮಾತ್ರ, ಅವರಿಗೇ ಓದಿ ತೋರಿಸಿ ಮತ್ತೆ ಬರೆಯಲು ಒಂದೂವರೆ ವರ್ಷ ಹಿಡಿಯಿತು. ಮೌಖಿಕ ಪರೀಕ್ಷೆಯಲ್ಲಿ ಹಿರಿಯ ಪರೀಕ್ಷಕರೊಬ್ಬರು ಅನುಬಂಧದ ಗಸಿಯನ್ನು ಎರಡು ಸಲ ಓದಿ, ಇದರಲ್ಲಿ ಹುಳಿ ಸ್ವಲ್ಪ ಹೆಚ್ಚಲ್ಲವೇ ಎಂದು ಕೇಳಿದರು. ನಾವುಂದದವಳು ಈಗ ಮುಂಬೈಯಲ್ಲಿ ತನ್ನದೇ ಅಡುಗೆ ವ್ಯವಹಾರ ನಡೆಸುತ್ತಾಳೆ. ಅತ್ತೆಗೆ ತಾನೇ ಹೇಳಿದಳಂತೆ. ಅವರು, "ಅಡ್ಗಿಯಲ್ಲ್ ಎಂತ ನಾಚ್ಗಿ?" ಎಂದು ಕೇಳಿದರಂತೆ. ಇದನ್ನೆಲ್ಲ ಇಲ್ಲಿ ಬರೆಯಲು ಈ ಬಾರಿ ಮೊದಲೇ ಕೇಳಿದ್ದೇನೆ. ಅಡ್ಡಿಲ್ಲ ಎಂದಿದ್ದಾಳೆ.

ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಸೈಬರಿಗೆ ಜನ ಕಡಿಮೆಯಾದರು. ಟೀಚರು ಫಲಕ ಇಳಿಸಿದರು. ನಾನು ತಿಂಗಳಿಗೊಮ್ಮೆ ಹೆಮ್ಮಾಡಿಗೆ ಹೋಗಿ ಬರುತ್ತಿದ್ದೆ. ಕಾಯಿಲೆ ಬಿದ್ದಾಗಲೂ ಮಾತಿಗೆ ಬರವಿರಲಿಲ್ಲ. ಒಮ್ಮೆ, "ನಿಮ್ಮ ಬಗ್ಗೆ ಬರೆಯಲೇ?" ಎಂದು ಕೇಳಿದೆ.

"ಬರಿ. ಹೆಸ್ರ್ ಬ್ಯಾಡ. ಬರ್ದದ್ದ್ ನಂಗ್ ಓದಿ ಹೇಳ್ಕ್."

ಓದಿ ಹೇಳಿದೆ. ದಿಂಬಿಗೊರಗಿ ಕಣ್ಣುಮುಚ್ಚಿ ಕೇಳಿದರು. ಬೈಂದೂರಿನ ಹಿರಿಯರ ಪ್ರಸಂಗದಲ್ಲಿ ಕೆಮ್ಮು ಬರುವಷ್ಟು ನಕ್ಕರು. ಒಂದು ಕಡೆ ಮಾತ್ರ ಕೈ ಎತ್ತಿ ನಿಲ್ಲಿಸಿದರು. ಅವರು ಯಾಕೆ ಮದುವೆಯಾಗಲಿಲ್ಲ, ಟೈಪಿಂಗ್ ಕಲಿಯಲು ಯಾರು ಕಾರಣ ಎಂದು ಅವರೇ ಎಂದೋ ಹೇಳಿದ್ದ ಸಂಗತಿ ಅದು. ಬರಹದಲ್ಲೇ ಅತ್ಯಂತ ಚೆಂದದ ಭಾಗವೆಂದು ನಾನು ನೆಚ್ಚಿಕೊಂಡದ್ದು.

"ಇದ್ರಲ್ಲ್ ಅರ್ಧ ನಮ್ಮಕ್ಕಂದ್. ಅವ್ಳ್ನ ಕೇಣ್ಕ್."

ಕೇಳುವ ಮುಂಚೆ ಟೀಚರು ಹೋಗಿಬಿಟ್ಟರು. ಒಂದು ಮಧ್ಯಾಹ್ನ, ನಿದ್ದೆಯಲ್ಲೇ. ಉತ್ತರಕ್ರಿಯೆಗೆ ಎಲ್ಲೆಲ್ಲಿಂದಲೋ ಹೆಂಗಸರು ಬಂದಿದ್ದರು. ಮಸ್ಕತ್‌ನವಳೂ ಬಂದಿದ್ದಳು. ಊಟಕ್ಕೆ ಕುಳಿತಾಗ ಪಕ್ಕದ ಎಲೆಗೆ ಬಂದು ಕುಳಿತು, ನನ್ನ ಜೊತೆಗಿದ್ದ ಪುಟ್ಟ ಮಗಳ ಹೆಸರು ಕೇಳಿದಳು.

ತಿಂಗಳು ಕಳೆದ ಮೇಲೆ ಬ್ರಹ್ಮಾವರಕ್ಕೆ ಹೋಗಿ ಅವರ ಅಕ್ಕನ ಮನೆಯ ಜಗಲಿಯಲ್ಲಿ ಕುಳಿತೆ. ಎಂಬತ್ತರ ಸಮೀಪದ ಮುದುಕಿ, ಕಿವಿ ಚುರುಕು. ಆ ಎರಡು ಪುಟ ಓದಿದೆ. ಮುಗಿದ ಮೇಲೆ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಆಮೇಲೆ ಒಳ್ಳೆಯ ನಗೆ ನಕ್ಕರು.

"ಚೆಂದ ಬರ್ದಿದ್ರಿ. ಎಲ್ಲ ನಿಜವೇ."

"ಹಾಕ್ಲಾ ಅಮ್ಮ?"

"ಬ್ಯಾಡ" ಎಂದರು. ಹೋಗುವಾಗ ಒಂದು ಗೊನೆ ಬಾಳೆಹಣ್ಣು ಕೊಟ್ಟರು. ಆ ಎರಡು ಪುಟಗಳನ್ನು ಅಲ್ಲೇ, ಅವರ ಕೈಗೇ ಕೊಟ್ಟು ಬಂದೆ.