ಬಾವಿಗೆ ಬಂದ ಕಡಲಾಮೆ

ತೀರ್ಥಹಳ್ಳಿಯ ಗೆಳತಿಯ ಮನೆ ಬಾವಿಯಲ್ಲಿ ಇವತ್ತು ಒಂದು ಆಮೆ ಕಂಡೆ. ನೀರು ಚೊಕ್ಕವಾಗಿರಲೆಂದು ಬಾವಿಗೆ ಆಮೆ ಬಿಡುವುದು ನಮ್ಮ ಕಡೆಯ ರೂಢಿ. ನೋಡುತ್ತಿದ್ದಂತೆ ನನ್ನ ಸೋದರತ್ತೆ ನೆನಪಾದರು.

ನಾನಾಗ ಚಿಕ್ಕವಳು. ಹೊನ್ನಾವರಕ್ಕೆ ಹೋಗಿದ್ದ ಚಿಕ್ಕಪ್ಪ ಕಡಲ ದಂಡೆಯಲ್ಲಿ ಸಿಕ್ಕ ಪುಟ್ಟ ಆಮೆಮರಿಯೊಂದನ್ನು ಹೊಸನಗರದ ನಮ್ಮ ಮನೆಯ ಬಾವಿಗೆಂದು ತಂದಿದ್ದರು. ಅತ್ತೆ ಅದನ್ನು ಅಂಗೈಯಲ್ಲಿಟ್ಟು ನೋಡಿದರು.

"ಇದರ ಕಾಲು ನೋಡಾ, ಸಟ್ಟುಗ ಇದ್ದಂಗದೆ. ಇದು ಕಡಲಾಮೆ. ಸಿಹಿನೀರಿಗೆ ಹಾಕಿದ್ರೆ ಸಾಯ್ತದೆ."

ಮರುದಿನ ಮೊದಲ ಬಸ್ಸಿಗೇ ನನ್ನನ್ನೂ ಕರೆದುಕೊಂಡು ಘಟ್ಟ ಇಳಿದರು. ಮಡಿಲಲ್ಲಿ ಒದ್ದೆ ಬಟ್ಟೆ ಹಾಸಿದ ಬಕೆಟ್.

"ಕಡಲಿಗೇ ಮೀನು ಒಯ್ತೀರಾ ಅಕ್ಕಾ?" ಕಂಡಕ್ಟರ್ ನಕ್ಕ.

"ಮೀನಲ್ಲ, ನೆಂಟರು. ಮನೆಗೆ ಬಿಟ್ಟು ಬರ್ತೀನಿ."

ದಂಡೆಯಲ್ಲಿ ನಾನು ಮರಿಯನ್ನು ನೀರಿಗೇ ಹಾಕಲು ಹೊರಟಾಗ ಮೀನು ಮಾರುವ ಅಜ್ಜಿಯೊಬ್ಬರು ತಡೆದರು. "ಮರಳ ಮೇಲೆ ಬಿಡು ಮಗಾ, ನಡ್ಕಂಡೇ ಹೋಗ್ಲಿ. ಹೆಣ್ಣಾದ್ರೆ ಮೊಟ್ಟೆ ಇಡೂಕೆ ಈ ದಂಡೆಗೇ ಬತ್ತದೆ."

ಅಲೆ ಮತ್ತೆ ಮತ್ತೆ ಅದನ್ನು ಮಗುಚಿತು. ಎದ್ದಾಗಲೆಲ್ಲ ಅದು ಕಡಲಿಗೇ ಮುಖ ಮಾಡಿತು. ಕಾಗೆಗಳು ಎರಗದಂತೆ ಅತ್ತೆ ಕೊಡೆ ಬೀಸುತ್ತ, ಮೊಣಕಾಲಿನವರೆಗೆ ಸೀರೆ ನೆನೆಸಿಕೊಂಡು ಅದರ ಜೊತೆಗೇ ನಡೆದರು. ಕಡಲಾಮೆ ಉಳಿಸುವ ಬಗ್ಗೆ ನಾನು ಮುಂದೆ ಓದಿದ ಯಾವ ಕರಪತ್ರವೂ ಅಷ್ಟು ಕಲಿಸಿಲ್ಲ.

ಕಡಲಾಮೆ ಮೊಟ್ಟೆ ಇಡುವಷ್ಟು ಬೆಳೆಯಲು ಹತ್ತು ಹದಿನೈದು ವರ್ಷ ಬೇಕಂತೆ. ನಮ್ಮದು ಬರುವ ಹೊತ್ತಾಯಿತೆಂದು ಇವತ್ತು ಸಂಜೆ ಅತ್ತೆಗೆ ಫೋನ್ ಮಾಡಿದೆ. ಕಡಲ್ಕೊರೆತ ತಡೆಯಲೆಂದು ದಂಡೆಗಳಿಗೆಲ್ಲ ಕಲ್ಲು ಸುರಿಯುತ್ತಿದ್ದಾರೆಂದು ಸಿಟ್ಟಿನಿಂದ ಹೇಳಿದೆ.

"ಅದು ಬರೋದು ಬರ್ತದೆ," ಎಂದರು ಅತ್ತೆ. "ಬಂದಾಗ ಮರಳು ಇರ್ಬೇಕಲ್ಲೇ. ಅದನ್ನ ನೀನು ನೋಡ್ಕ."